ದುಡಿಮೆಯೂ ಆಟವೂ: ಪಾಂಟಿಪೂಲ್ ರಗ್ಬಿ ಸಂಘ

ಎರಡು ದೋಣಿಯ ಮೇಲೆ ಕಾಲಿಟ್ಟವನಿಗೆ ಮುಳುಗುವುದು ತಪ್ಪದೆಂದು ನಮ್ಮಲ್ಲಿ ಗಾದೆಯ ಮಾತುಂಟು. ಆದರೆ ಲೋಕದ ವ್ಯವಹಾರವನ್ನು ನೋಡಿದರೆ, ಎರಡು ದೋಣಿಗಳ ಮೇಲೆಯೇ ನಿಂತು ಜನ್ಮವನ್ನು ಸಾಗಿಸುವವರು ಬಹಳ ಮಂದಿ ಕಾಣುತ್ತಾರೆ. ಹಗಲೆಲ್ಲ ಲೆಕ್ಕ ಬರೆದು ರಾತ್ರಿ ಮುಖಕ್ಕೆ ಬಣ್ಣ ಹಚ್ಚುವ ನಟನುಂಟು. ಮಕ್ಕಳಿಗೆ ಪಾಠ ಹೇಳಿ ಸಂಜೆ ತಂಬೂರಿಯನ್ನು ಶ್ರುತಿ ಮಾಡುವ ಗಾಯಕನುಂಟು. ಇಂಥವರ ಕಲೆ ಪೂರ್ಣವಾದ ಕಸುಬೂ ಅಲ್ಲ, ಬರಿಯ ಕಾಲಕ್ಷೇಪವೂ ಅಲ್ಲ. ಆಟಗಳಲ್ಲಿಯೂ ಇಂಥ ನಡುವಣ ಸ್ಥಿತಿಯೊಂದುಂಟು. ಅದನ್ನು ಅರೆವೃತ್ತಿಯೆಂದು ಕರೆಯೋಣ. ವೇಲ್ಸ್ ದೇಶದ ಪಾಂಟಿಪೂಲ್ ಎಂಬ ಸಣ್ಣ ಊರಿನ ರಗ್ಬಿ ಸಂಘವನ್ನು ಉದಾಹರಣೆಯಾಗಿಟ್ಟುಕೊಂಡು, ಈ ಅರೆವೃತ್ತಿಯೆಂಬುದು ಏನು, ಅದು ಹೇಗೆ ಹುಟ್ಟಿತು, ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ನಾವು ಈಗ ವಿಚಾರಮಾಡುವೆವು.

ಮೊದಲು ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ರಗ್ಬಿ ಯೂನಿಯನ್ ಆಟದಲ್ಲಿ ಪಕ್ಷಕ್ಕೆ 15 ಮಂದಿ. ಆಟದ ಕಾಲ 80 ನಿಮಿಷ. ಚೆಂಡು ಗುಂಡಗಿರುವುದಿಲ್ಲ, ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಿನಿಂದ ಒದೆಯಬಹುದು; ಆದರೆ ಕೈಯಿಂದ ಎಸೆಯುವಾಗ ಮಾತ್ರ ಮುಂದಕ್ಕೆ ಎಸೆಯಕೂಡದು, ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಮುಂದೆ ಹೋಗಬೇಕಾದ ಆಟದಲ್ಲಿ ಚೆಂಡನ್ನು ಹಿಂದಕ್ಕೆ ಕೊಡಬೇಕೆಂಬ ಈ ನಿಯಮವೇ ಆಟದ ಜೀವಾಳ. ಚೆಂಡು ಹಿಡಿದವನ ಹಿಂದೆ ಸದಾ ಜೊತೆಗಾರರಿರಬೇಕಾದುದರಿಂದ ಒಬ್ಬನ ಶೌರ್ಯದಿಂದ ಮಾತ್ರ ಇಲ್ಲಿ ಗೆಲುವಿಲ್ಲ. ಎದುರಾಳಿಗಳ ಗೆರೆಯನ್ನು ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದಕ್ಕೆ ಟ್ರೈ ಎಂದು ಹೆಸರು. ಅದರಿಂದ 5 ಅಂಕಗಳು ದೊರೆಯುತ್ತವೆ.

ಸಣ್ಣ ತಪ್ಪುಗಳಾಗಿ ಆಟ ನಿಂತಾಗ ಅದನ್ನು ಮತ್ತೆ ಆರಂಭಿಸುವ ಒಂದು ಕ್ರಮಕ್ಕೆ ಸ್ಕ್ರಮ್ ಎನ್ನುತ್ತಾರೆ. ಒಂದೊಂದು ಪಕ್ಷದಿಂದ ಎಂಟೆಂಟು ಮಂದಿ ಒಬ್ಬರನ್ನೊಬ್ಬರು ತಬ್ಬಿ ಹಿಡಿದು, ಬಗ್ಗಿ, ಭುಜಕ್ಕೆ ಭುಜ ಕೊಟ್ಟು ಎದುರು ಪಕ್ಷವನ್ನು ನೂಕುತ್ತಾರೆ. ನಡುವಣ ಸಂದಿಯಲ್ಲಿ ಚೆಂಡನ್ನು ಉರುಳಿಸುತ್ತಾರೆ. ಮೊದಲ ಸಾಲಿನಲ್ಲಿ ನಿಲ್ಲುವವರು ಮೂವರು. ನಡುವೆ ನಿಂತು ಕಾಲಿನಿಂದ ಚೆಂಡನ್ನು ಹಿಂದಕ್ಕೆ ಸೆಳೆಯುವವನು ಹೂಕರ್. ಅವನ ಎರಡು ಪಕ್ಕಗಳಲ್ಲಿ ಕಂಬಗಳಂತೆ ನಿಂತು ಭಾರವನ್ನು ಹೊರುವವರು ಪ್ರಾಪ್‌ಗಳು. ಹಿಂದಿನ ಐವರ ನೂಕು ಬೆನ್ನಿನ ಮೇಲೆ, ಎದುರಿನ ಎಂಟು ಮಂದಿಯ ನೂಕು ಕತ್ತಿನ ಮೇಲೆ. ಈ ಎರಡರ ನಡುವೆ ನಿಲ್ಲುವುದು ಹುಡುಗಾಟಿಕೆಯಲ್ಲ. ನೋಡುವವರಿಗೆ ಅಲ್ಲಿ ಉಗಿಯೇಳುವ ಬೆನ್ನುಗಳ ರಾಶಿಯೊಂದು ಕಾಣುತ್ತದೆಯೇ ಹೊರತು ಒಳಗಿನ ಕಲೆ ಕಾಣುವುದಿಲ್ಲ. ಕಾಲನ್ನು ಎಲ್ಲಿ ಊರಬೇಕು, ಬೆನ್ನನ್ನು ಎಷ್ಟು ತಗ್ಗಿಸಬೇಕು, ಎದುರಾಳಿ ಉಸಿರು ಬಿಡುವ ಯಾವ ಗಳಿಗೆಯಲ್ಲಿ ನೂಕಬೇಕು ಎಂಬುದೆಲ್ಲ ಗರಡಿಯ ಪಟ್ಟುಗಳಂತೆ ವರ್ಷಗಟ್ಟಲೆ ಅಭ್ಯಾಸದಿಂದ ಬರತಕ್ಕ ವಿದ್ಯೆ. ಪಾಂಟಿಪೂಲ್ ಲೋಕದಲ್ಲಿ ಹೆಸರಾದುದು ಈ ಮೊದಲ ಸಾಲಿನ ಮೂವರಿಂದ. ಆ ಕಥೆಗೆ ಬರುವ ಮೊದಲು ಹಣದ ವಿಷಯವಾಗಿ ಈ ಆಟದಲ್ಲಿ ಎದ್ದ ಜಗಳವನ್ನು ಹೇಳಬೇಕಾಗಿದೆ.

ಇಂಗ್ಲೆಂಡಿನಲ್ಲಿ 1871ರಲ್ಲಿ ರಗ್ಬಿ ಯೂನಿಯನ್ ಸ್ಥಾಪಿತವಾದಾಗ ಅದರ ಆಡಳಿತ ಅನುಕೂಲಸ್ಥರ ಕೈಯಲ್ಲಿತ್ತು. ಆಟ ಆಡುವುದು ಗೌರವಕ್ಕೆ, ಹಣಕ್ಕಲ್ಲವೆಂಬುದು ಅವರ ಸಿದ್ಧಾಂತ. ಹಣ ಅವರಿಗೆ ಎಷ್ಟು ಹಗುರವಾಗಿತ್ತೆಂಬುದಕ್ಕೆ ನಮ್ಮ ದೇಶದ ನಿದರ್ಶನವೇ ಒಂದುಂಟು. 1873ರಲ್ಲಿ ಕಲ್ಕತ್ತೆಯಲ್ಲಿದ್ದ ಆಂಗ್ಲೇಯರು ಒಂದು ರಗ್ಬಿ ಸಂಘವನ್ನು ಕಟ್ಟಿದರು. ಇಲ್ಲಿಯ ಬಿಸಿಲು ಆ ಆಟಕ್ಕೆ ಒಗ್ಗಲಿಲ್ಲ; ಸದಸ್ಯರು ಪೋಲೋ, ಟೆನಿಸ್ ಮೊದಲಾದ ಆಟಗಳ ಕಡೆಗೆ ತಿರುಗಿದರು; ಕೆಲವೇ ವರ್ಷಗಳಲ್ಲಿ ಸಂಘ ಮುಚ್ಚಿತು. ಆಗ ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿಯ ರೂಪಾಯಿಗಳಾಗಿ ತೆಗೆದು, ಅವನ್ನೇ ಕರಗಿಸಿ, ಸರ್ಪಾಕೃತಿಯ ಮೂರು ಹಿಡಿಗಳೂ ಮುಚ್ಚಳದ ಮೇಲೆ ಆನೆಯೂ ಇರುವ ಒಂದು ಬಟ್ಟಲನ್ನು ಮಾಡಿಸಿ ಇಂಗ್ಲೆಂಡಿಗೆ ಕಳುಹಿಸಿಕೊಟ್ಟರು. ಕಲ್ಕತ್ತಾ ಕಪ್ ಎಂಬ ಆ ಬಟ್ಟಲಿಗಾಗಿ ಇಂಗ್ಲೆಂಡು ಸ್ಕಾಟ್ಲೆಂಡುಗಳು 1879ರಿಂದ ಹೋರಾಡುತ್ತ ಬಂದಿವೆ. ರೂಪಾಯಿಯನ್ನು ಕರಗಿಸಿ ಗೌರವದ ಪಾತ್ರೆಯನ್ನು ಮಾಡಿಸಬಲ್ಲವರಿಗೆ ಹಣವಿಲ್ಲದೆ ಆಡುವುದು ಕಷ್ಟವೇನೂ ಆಗಿರಲಿಲ್ಲ.

ಆದರೆ ಅದೇ ಕಾಲದಲ್ಲಿ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಗಣಿಯವರೂ ಗಿರಣಿಯವರೂ ಈ ಆಟಕ್ಕೆ ಸೇರಿದರು. ಅವರು ಶನಿವಾರವೂ ಕೆಲಸಕ್ಕೆ ಹೋಗುತ್ತಿದ್ದವರು. ದೂರದ ಊರಿಗೆ ಪಂದ್ಯವಾಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಹೀಗೆ ಕಳೆದುಕೊಂಡ ಕೂಲಿಯನ್ನು ಮಾತ್ರ ತುಂಬಿಕೊಡಬೇಕೆಂಬುದು ಅವರ ಬೇಡಿಕೆ, ಅದಕ್ಕಿಂತ ಹೆಚ್ಚಲ್ಲ. 1893ರಲ್ಲಿ ಈ ಸೂಚನೆ ಮಹಾಸಭೆಗೆ ಬಂದು 282 ಮತಗಳಿಗೆ 136ರಂತೆ ಬಿದ್ದುಹೋಯಿತು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಸಂಘಗಳು ಸಭೆ ಸೇರಿ ಬೇರೆಯಾದವು. ಅವು ಗೊತ್ತುಮಾಡಿದ ಪರಿಹಾರ ದಿನಕ್ಕೆ ಹೆಚ್ಚೆಂದರೆ ಆರು ಷಿಲಿಂಗು. ಮೂರು ವರ್ಷದ ಮೇಲೆ ಅವು ಸಂಬಳವನ್ನೂ ಒಪ್ಪಿದವು. ಆದರೆ ಆಟಗಾರನಿಗೆ ಆಟದ ಹೊರಗೆ ನಿಜವಾದ ಉದ್ಯೋಗವೊಂದು ಇರಲೇಬೇಕೆಂಬ ಕಟ್ಟಳೆಯನ್ನೂ ವಿಧಿಸಿದವು. ಅರೆವೃತ್ತಿಯೆಂಬುದು ಹೀಗೆ ನಿಯಮದ ರೂಪದಲ್ಲಿ ಹುಟ್ಟಿತು. ಈ ಬಣದ ಆಟವೇ ಮುಂದೆ ಪಕ್ಷಕ್ಕೆ 13 ಮಂದಿಯ ರಗ್ಬಿ ಲೀಗ್ ಆಗಿ ಬೆಳೆಯಿತು. ಯೂನಿಯನ್ನಿನವರಾದರೋ ಲೀಗಿನ ಹಣವನ್ನು ಮುಟ್ಟಿದವನಿಗೆ ಜನ್ಮಾವಧಿ ಬಹಿಷ್ಕಾರವನ್ನು ಹಾಕಿದರು.

ವೇಲ್ಸ್ ದೇಶದ ಪರಿಸ್ಥಿತಿ ವಿಚಿತ್ರವಾಗಿತ್ತು. ಅಲ್ಲಿ ಯೂನಿಯನ್ ಆಟವೇ ಕಲ್ಲಿದ್ದಲು ಕಬ್ಬಿಣಗಳ ಕಣಿವೆಯ ಜನರ ಆಟವಾಗಿತ್ತು. ಆದರೂ ಅದರ ಆಡಳಿತದವರು ಇಂಗ್ಲೆಂಡಿನೊಡನೆ ಪಂದ್ಯವಾಡುವ ಗೌರವವನ್ನು ಬಿಡಲೊಲ್ಲರು. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂಬಂತಾಯಿತು. ನ್ಯೂಪೋರ್ಟಿನ ಪ್ರಸಿದ್ಧ ಆಟಗಾರ ಆರ್ಥರ್ ಗೌಲ್ಡ್‌ನಿಗೆ 1897ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಒಂದು ಮನೆಯನ್ನೇ ಕೊಟ್ಟರು. ಇದು ಸಂಬಳವೇ, ಸನ್ಮಾನವೇ ಎಂಬ ವಿವಾದದಲ್ಲಿ ವೇಲ್ಸ್ ಕೆಲವು ಕಾಲ ಅಂತರರಾಷ್ಟ್ರೀಯ ಮಂಡಲಿಯಿಂದಲೇ ಹೊರಗೆ ನಿಂತಿತು. ಕಡೆಗೆ ರಾಜಿಯೇನೋ ಆಯಿತು. ಆದರೆ ಕೆಲಸಗಾರನು ಶ್ರೀಮಂತರ ನಿಯಮದಂತೆ ಆಡಬೇಕಾದ ತೊಡಕು ಮಾತ್ರ ಮುಂದಿನ ನೂರು ವರ್ಷ ಹಾಗೆಯೇ ಉಳಿಯಿತು.

ಈ ತೊಡಕಿನ ನಡುವೆ ಬೆಳೆದ ಊರು ಪಾಂಟಿಪೂಲ್. ಅದು ವೇಲ್ಸಿನ ಆಗ್ನೇಯ ಭಾಗದಲ್ಲಿ ಆವನ್ ಲ್ವಿಡ್ ಎಂಬ ಹೊಳೆಯ ದಡದಲ್ಲಿದೆ. ಹ್ಯಾನ್‌ಬರಿ ಎಂಬ ಮನೆತನದವರು ಅಲ್ಲಿ ಕಬ್ಬಿಣದ ಕುಲುಮೆಗಳನ್ನು ನಡೆಸುತ್ತಿದ್ದರು. ಕಬ್ಬಿಣದ ತಗಡಿಗೆ ತವರದ ಲೇಪ ಕೊಡುವ ಉದ್ಯಮ ಬ್ರಿಟನ್ನಿನಲ್ಲಿ ನೆಲೆಯೂರಿದ್ದು ಇಲ್ಲಿಯೇ. 1881ರಲ್ಲಿ ನೀತ್ ಎಂಬ ಊರಿನಲ್ಲಿ ಸೇರಿ ವೇಲ್ಸಿನ ರಗ್ಬಿ ಯೂನಿಯನ್ನನ್ನು ಸ್ಥಾಪಿಸಿದ 11 ಸಂಘಗಳಲ್ಲಿ ಪಾಂಟಿಪೂಲ್ ಒಂದು. ಹ್ಯಾನ್‌ಬರಿಯವರ ತೋಟವೇ ಕಾಲಾಂತರದಲ್ಲಿ ಊರಿನ ಸಾರ್ವಜನಿಕ ಉದ್ಯಾನವಾಗಿ, ಅದರೊಳಗೇ ಸಂಘದ ಆಟದ ಬಯಲು ಏರ್ಪಟ್ಟಿತು. ಬಯಲಿನ ಒಂದು ಮಗ್ಗುಲಿಗೆ ಹುಲ್ಲಿನ ದಿಬ್ಬವಿದೆ. ಪೀಠವಿಲ್ಲದ ಆ ದಿಬ್ಬದ ಮೇಲೆ ಮಳೆಯಲ್ಲಿ ನಿಂತು ಪಂದ್ಯ ನೋಡುವುದು ತಲೆತಲಾಂತರದಿಂದ ಅಲ್ಲಿಯವರ ವಾಡಿಕೆ.

1969ರ ಹೊತ್ತಿಗೆ ಸಂಘ ತೀರ ಕೆಳಗಿಳಿದಿತ್ತು. ಆಗ ಶಿಕ್ಷಕನಾಗಿ ಬಂದವನು ರೇ ಪ್ರಾಸರ್. ಅವನು ಅದೇ ಊರಿನವನು. ವೇಲ್ಸಿನ ಪರವಾಗಿ 22 ಪಂದ್ಯಗಳನ್ನು ಆಡಿದ್ದವನು. ಜೀವನಕ್ಕೆ ಬುಲ್‌ಡೋಜರ್ ಯಂತ್ರವನ್ನು ನಡೆಸುತ್ತಿದ್ದವನು. ಅವನ ಶಿಕ್ಷಣಕ್ರಮದಲ್ಲಿ ಮಂತ್ರತಂತ್ರಗಳೇನೂ ಇರಲಿಲ್ಲ. ಉದ್ಯಾನದ ಹಿಂದಿನ ಗುಡ್ಡದ ತುದಿಯಲ್ಲಿ ಹಿಂದಿನ ಕಾಲದ ಶ್ರೀಮಂತರು ಕಪ್ಪೆಚಿಪ್ಪುಗಳಿಂದ ಅಲಂಕರಿಸಿ ಕಟ್ಟಿಸಿದ ಗುಹಾಗೃಹವೊಂದಿದೆ. ಇಡೀ ದಿನ ದುಡಿದು ಬಂದ ಆಟಗಾರರನ್ನು ಪ್ರಾಸರ್ ಆ ಗುಹೆಯವರೆಗೆ ಏರುಹಾದಿಯಲ್ಲಿ ಓಡಿಸುತ್ತಿದ್ದನು. ಸಿರಿವಂತರ ವಿನೋದಕ್ಕೆಂದು ಕಟ್ಟಿದ ಕಟ್ಟಡ ದುಡಿಮೆಗಾರರ ಎದೆಗಾರಿಕೆಗೆ ಒರೆಗಲ್ಲಾಯಿತು. ಅವನ ಯುದ್ಧನೀತಿಯೂ ಸರಳ: ಮುಂದಿನ ಎಂಟು ಮಂದಿ ಗಟ್ಟಿಯಾಗಿದ್ದರೆ ಉಳಿದುದು ತಾನಾಗಿ ಬರುತ್ತದೆ. ಈ ಆಟದಲ್ಲಿ ಸೊಗಸಿಲ್ಲವೆಂದು ಟೀಕಿಸಿದವರುಂಟು. ಅದು ಪೂರ್ತಿ ಸುಳ್ಳೆಂದೂ ಹೇಳಲಾಗದು. ಆದರೆ 1987ರವರೆಗೆ ನಡೆದ ಅವನ ಶಿಕ್ಷಕತ್ವದಲ್ಲಿ ಪಾಂಟಿಪೂಲ್ ವೇಲ್ಸಿನ ಮೊದಲ ಪಂಕ್ತಿಯಲ್ಲಿ ನಿಂತಿತು; 1983ರಲ್ಲಿ ದೇಶದ ಕಪ್ಪನ್ನೂ ಗೆದ್ದಿತು.

ಮೊದಲ ಸಾಲಿನ ಆ ಮೂವರು ಇವನ ಗರಡಿಯಲ್ಲಿ ತಯಾರಾದವರು: ಎಡಗಡೆ ಚಾರ್ಲಿ ಫಾಕ್ನರ್, ನಡುವೆ ಬಾಬಿ ವಿಂಡ್ಸರ್, ಬಲಗಡೆ ಗ್ರಹಾಂ ಪ್ರೈಸ್. ಫಾಕ್ನರನೂ ವಿಂಡ್ಸರನೂ ಉಕ್ಕಿನ ಕಾರ್ಖಾನೆಯ ಕೆಲಸಗಾರರು. ಫಾಕ್ನರ್ ಜೂಡೋ ವಿದ್ಯೆಯಲ್ಲಿಯೂ ನುರಿತವನು. ವಯಸ್ಸಾಯಿತೆಂದು ಆಯ್ಕೆಗಾರರು ಬಿಟ್ಟಾರೆಂಬ ಶಂಕೆಯಿಂದ ತನ್ನ ಹುಟ್ಟಿದ ವರ್ಷವನ್ನು ಗುಟ್ಟಾಗಿಡುತ್ತಿದ್ದನು. ದೇಶದ ಪರವಾಗಿ ಮೊದಲು ಆಡಿದಾಗ ಅವನಿಗೆ 33 ವರ್ಷ, ಪ್ರೈಸನಿಗೆ 23. 1975ರ ಜನವರಿ 18ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ಎದುರಿಗೆ ಮೂವರೂ ಒಟ್ಟಿಗೆ ನಿಂತರು. ಒಂದೇ ಸಂಘದ ಮೂವರು ಒಂದು ದೇಶದ ಇಡೀ ಮೊದಲ ಸಾಲಾಗುವುದು ಅಪರೂಪದ ಸಂಗತಿ. ಆ ದಿನ ವೇಲ್ಸ್ 25ಕ್ಕೆ 10ರಂತೆ ಗೆದ್ದಿತು. ಆಟ ಮುಗಿಯುವ ಹೊತ್ತಿಗೆ, ಉಳಿದವರೆಲ್ಲ ದಣಿದು ನಿಂತಿದ್ದಾಗ, ಹೊರೆ ಹೊರುವ ಕೆಲಸದ ಪ್ರೈಸ್ ಬಯಲಿನ ಬಹುಭಾಗವನ್ನು ಓಡಿ ದಾಟಿ ಟ್ರೈ ಮಾಡಿದನು. ಗುಹೆಯ ಏರುಹಾದಿ ಅಲ್ಲಿ ಫಲಕೊಟ್ಟಿತೆಂದು ನಾವು ಊಹಿಸಿದರೆ ತಪ್ಪಾಗದು. ಮುಂದೆ ಈ ಮೂವರು ಜೊತೆಯಾಗಿ ವೇಲ್ಸಿನ ಪರವಾಗಿ 19 ಪಂದ್ಯಗಳನ್ನು ಆಡಿದರು. ಸೋತುದು ನಾಲ್ಕರಲ್ಲಿ ಮಾತ್ರ. ಒಂದೇ ನೊಗಕ್ಕೆ ಪಳಗಿದ ಎತ್ತುಗಳಂತೆ, ಒಬ್ಬನ ಭುಜದ ಚಲನೆ ಇನ್ನೊಬ್ಬನಿಗೆ ಹೇಳದೆಯೇ ತಿಳಿಯುತ್ತಿತ್ತು.

ಈ ಕೀರ್ತಿಗೆ ಪ್ರತಿಯಾಗಿ ಅವರಿಗೆ ಬಂದುದೇನು? ನಿಯಮದ ಪ್ರಕಾರ, ಪ್ರಯಾಣದ ವೆಚ್ಚವನ್ನು ಬಿಟ್ಟು ಏನೂ ಇಲ್ಲ. 1974ರಲ್ಲಿ ವಿಂಡ್ಸರ್ ಬ್ರಿಟಿಷ್ ಲಯನ್ಸ್ ತಂಡದೊಡನೆ ದಕ್ಷಿಣ ಆಫ್ರಿಕಕ್ಕೆ ಹೋದನು. ತಿಂಗಳುಗಟ್ಟಲೆ ನಡೆದ ಆ ಪ್ರವಾಸದ 22 ಪಂದ್ಯಗಳಲ್ಲಿ ತಂಡ ಒಂದನ್ನೂ ಸೋಲಲಿಲ್ಲ. ಲಕ್ಷಾಂತರ ಜನ ದುಡ್ಡು ಕೊಟ್ಟು ನೋಡಿದ ಆಟದಲ್ಲಿ ಆಟಗಾರರಿಗೆ ದೊರೆತುದು ಕೈಖರ್ಚಿನ ಭತ್ಯ ಮಾತ್ರ. 1978ರಲ್ಲಿ ಆಸ್ಟ್ರೇಲಿಯದಲ್ಲಿ ಎದುರಾಳಿಯ ಗುದ್ದಿನಿಂದ ಪ್ರೈಸನ ದವಡೆ ಮುರಿಯಿತು. ಗೌರವಕ್ಕಾಗಿ ಆಡುವುದೆಂಬ ಮಾತು ಕೇಳಲು ಇಂಪಾಗಿದೆ. ಆದರೆ ಮೂಳೆ ಮುರಿದವನ ಮನೆಯಲ್ಲಿ ಒಲೆ ಉರಿಯಬೇಕಲ್ಲವೆ? ಸಂಘದ ಇನ್ನೊಬ್ಬ ಪ್ರತಿಭಾವಂತ ಡೇವಿಡ್ ಬಿಷಪ್ 1981ರಲ್ಲಿ ಕತ್ತಿನ ಮೂಳೆ ಮುರಿದುಕೊಂಡು, ವಾಸಿಯಾಗಿ ಮತ್ತೆ ಬಯಲಿಗಿಳಿದು, 1984ರಲ್ಲಿ ದೇಶದ ಪರವಾಗಿಯೂ ಆಡಿದನು. 1988ರಲ್ಲಿ ಅವನು ಹಣ ಕೊಡುವ ಲೀಗ್ ಆಟಕ್ಕೆ ಹೊರಟುಹೋದನು. ಅಂಥವನ ಹಿಂದೆ ಯೂನಿಯನ್ನಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಆ ಬಾಗಿಲು ಕಡೆಗೆ ತೆರೆದದ್ದು 1995ರ ಆಗಸ್ಟ್ ತಿಂಗಳ ಕೊನೆಯಲ್ಲಿ. ಹಡರ್ಸ್‌ಫೀಲ್ಡಿನ ಸಭೆ ನಡೆದು ಸರಿಯಾಗಿ ನೂರು ವರ್ಷ ತುಂಬುವ ವಾರದಲ್ಲಿ, ಅಂತರರಾಷ್ಟ್ರೀಯ ಮಂಡಲಿ ಪ್ಯಾರಿಸ್ಸಿನಲ್ಲಿ ಕೂಡಿ, ಇನ್ನು ಮುಂದೆ ಯೂನಿಯನ್ ಆಟಗಾರರು ಸಂಬಳ ಪಡೆಯಬಹುದೆಂದು ಸಾರಿತು. ಆರು ಷಿಲಿಂಗಿನ ಬೇಡಿಕೆಗೆ ನ್ಯಾಯ ದೊರೆಯಲು ಒಂದು ಶತಮಾನ ಹಿಡಿಯಿತು. ನ್ಯಾಯವೇನೋ ದೊರೆಯಿತು, ಆದರೆ ಅದು ಪಾಂಟಿಪೂಲಿನಂಥ ಊರಿಗೆ ವರವಾಗಲಿಲ್ಲ. ಸಂಬಳ ಕೊಡಬೇಕಾದರೆ ಹಣ ಬೇಕು; ಹಣ ದೊಡ್ಡ ಪಟ್ಟಣಗಳಲ್ಲಿತ್ತು. ಈ ಕಡೆ ಕಣಿವೆಯ ಕೈಗಾರಿಕೆಗಳು ಒಂದೊಂದಾಗಿ ನಿಲ್ಲುತ್ತಿದ್ದವು. ನೆರೆಯ ಬ್ಲೈನಾವನ್‌ನ ಬಿಗ್ ಪಿಟ್ ಗಣಿ 1980ರಲ್ಲಿ ಮುಚ್ಚಿ ವಸ್ತುಸಂಗ್ರಹಾಲಯವಾಯಿತು. ಲ್ಯಾನ್‌ವರ್ನ್ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುವ ಕೆಲಸ 2001ರಲ್ಲಿ ನಿಂತಿತು. ಮೊದಲ ಸಾಲಿಗೆ ಭುಜಗಳನ್ನು ಒದಗಿಸುತ್ತಿದ್ದ ಕುಲುಮೆಗಳೇ ಆರಿದವು.

2003ರಲ್ಲಿ ವೇಲ್ಸಿನ ಯೂನಿಯನ್ ದೇಶವನ್ನು ಐದು ಪ್ರಾಂತಗಳಾಗಿ ವಿಂಗಡಿಸಿ, ಪೂರ್ಣ ವೃತ್ತಿಯ ಆಟವನ್ನು ಪ್ರಾಂತೀಯ ತಂಡಗಳಿಗೆ ವಹಿಸಿತು. ಮರುವರ್ಷವೇ ಐದು ನಾಲ್ಕಾದವು. ಹಳೆಯ ಊರಸಂಘಗಳು ಅವುಗಳ ಕೆಳಗಿನ ಮೆಟ್ಟಿಲಾಗಿ, ಅರೆವೃತ್ತಿಯ ಸಂಘಗಳಾದವು. 2012ರಲ್ಲಿ ಮೇಲಿನ ಪಂಕ್ತಿಯ ಸಂಘಗಳ ಸಂಖ್ಯೆಯನ್ನು 12ಕ್ಕೆ ಇಳಿಸಿದಾಗ ಪಾಂಟಿಪೂಲ್ ಹೊರಗುಳಿಯಿತು. ಸಂಘ ಉಚ್ಚ ನ್ಯಾಯಾಲಯದವರೆಗೂ ಹೋಗಿ ಸೋತಿತು. ಯೂನಿಯನ್ನನ್ನು ಹುಟ್ಟಿಸಿದ ಹನ್ನೊಂದರಲ್ಲಿ ಒಂದಾದ ಸಂಘ, ಆ ಯೂನಿಯನ್ನಿನ ಎದುರಿಗೇ ನ್ಯಾಯಸ್ಥಾನದಲ್ಲಿ ನಿಲ್ಲಬೇಕಾಯಿತು. ಅನಂತರದ ಸುಮಾರು ಒಂದು ದಶಕ ಅದು ಕೆಳಗಿನ ಪಂಕ್ತಿಯಲ್ಲಿಯೇ ಆಡಿತು. ಆಗಲೂ ದಿಬ್ಬದ ಮೇಲೆ ಜನ ನಿಲ್ಲುವುದು ತಪ್ಪಲಿಲ್ಲ. ಮೆಲ್ಲನೆ ಮೇಲೇರಿ, 2024ರಲ್ಲಿ ಸೂಪರ್ ರಗ್ಬಿ ಕಂರಿ ಎಂಬ ಹೊಸ ಅರೆವೃತ್ತಿಯ ಪಂಕ್ತಿ ಏರ್ಪಟ್ಟಾಗ, ಅದಕ್ಕೆ ಆಯ್ಕೆಯಾದ ಹತ್ತು ಸಂಘಗಳಲ್ಲಿ ಪಾಂಟಿಪೂಲ್ ತನ್ನ ಸ್ಥಾನವನ್ನು ಪಡೆಯಿತು.

ಈಗ ಅರೆವೃತ್ತಿಯ ಆಟಗಾರನ ಜೀವನಕ್ರಮವನ್ನು ನೋಡೋಣ. ಅವನು ಹಗಲು ಉಪಾಧ್ಯಾಯನೋ, ವಿದ್ಯುತ್ ಕೆಲಸದವನೋ, ವಿದ್ಯಾರ್ಥಿಯೋ ಆಗಿರುತ್ತಾನೆ. ವಾರದಲ್ಲಿ ಎರಡು ಮೂರು ಸಂಜೆ ದೀಪದ ಬೆಳಕಿನಲ್ಲಿ ಅಭ್ಯಾಸ, ವಾರದ ಕೊನೆಯಲ್ಲಿ ಪಂದ್ಯ. ಸಂಘದಿಂದ ಬರುವ ಹಣ ಮನೆಯ ಖರ್ಚಿಗೆ ಊರುಗೋಲೇ ಹೊರತು ಆಧಾರಸ್ತಂಭವಲ್ಲ. ಹದಿನೆಂಟು ಇಪ್ಪತ್ತರ ಹುಡುಗನಿಗೆ ಇದು ಮೇಲಿನ ವೃತ್ತಿಗೆ ಏಣಿ. ಪ್ರಾಂತೀಯ ತಂಡದಲ್ಲಿ ಸ್ಥಾನ ತಪ್ಪಿದವನಿಗೆ ಇದು ಆಸರೆ. ಮೂವತ್ತು ದಾಟಿದವನಿಗೆ ಊರಿನ ಅಂಗಿಯನ್ನು ತೊಡುವ ಅಭಿಮಾನ. ಹೀಗೆ ಏರುವವರೂ ಇಳಿಯುವವರೂ ನೆಲೆನಿಂತವರೂ ಒಂದೇ ಸ್ಕ್ರಮ್ಮಿನಲ್ಲಿ ಭುಜ ಕೊಡುತ್ತಾರೆ. ಅರೆವೃತ್ತಿಯ ಸಂಘದ ಸ್ವಾರಸ್ಯ ಇಲ್ಲಿಯೇ ಇದೆ.

ಇದರಲ್ಲಿ ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಸಂಬಳ ಅರ್ಧವಾದರೂ ಪೆಟ್ಟು ಅರ್ಧವಾಗುವುದಿಲ್ಲ. ತಲೆಗೆ ಮತ್ತೆ ಮತ್ತೆ ಬೀಳುವ ಏಟುಗಳಿಂದ ಮಿದುಳಿಗೆ ಆಗುವ ಹಾನಿಯ ವಿಷಯವಾಗಿ 2020ರಲ್ಲಿ ಹಳೆಯ ಆಟಗಾರರ ಗುಂಪೊಂದು ಆಡಳಿತದವರ ಮೇಲೆ ವ್ಯಾಜ್ಯವನ್ನೇ ಹೂಡಿತು. ಪೂರ್ಣ ವೃತ್ತಿಯವನಿಗೆ ವೈದ್ಯರೂ ವಿಶ್ರಾಂತಿಯೂ ದಿನನಿತ್ಯ ಒದಗುತ್ತವೆ. ಅರೆವೃತ್ತಿಯವನಾದರೋ ಶನಿವಾರ ನೊಂದ ಕತ್ತನ್ನು ಹೊತ್ತುಕೊಂಡು ಸೋಮವಾರ ಕೆಲಸಕ್ಕೆ ಹೋಗಬೇಕು. ಆದುದರಿಂದ ಆರು ಷಿಲಿಂಗಿನ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಅದರ ರೂಪ ಬದಲಾಗಿದೆ, ಅಷ್ಟೆ. ಅಂದು ಕಳೆದುಹೋದ ದಿನಕ್ಕೆ ಬೆಲೆ ಕಟ್ಟುವವರಾರೆಂದು ಕೇಳಿದರು. ಇಂದು ಸವೆದುಹೋದ ದೇಹಕ್ಕೆ ಬೆಲೆ ಕಟ್ಟುವವರಾರೆಂದು ಕೇಳಬೇಕಾಗಿದೆ. ಆಟ ಮುಗಿದಮೇಲೂ ಆಟಗಾರನ ಯೋಗಕ್ಷೇಮವನ್ನು ನೋಡುವ ಹೊಣೆ ಅವನಿಗೆ ಅಂಗಿ ಕೊಟ್ಟವರದೇ ಎಂಬುದು ನಮ್ಮ ಅಭಿಪ್ರಾಯ.

ಇಷ್ಟಾದರೂ ಇಂಥ ಸಂಘಗಳು ಉಳಿಯತಕ್ಕವು. ಹಣವೊಂದರಿಂದಲೇ ನಡೆಯುವ ತಂಡ ಹಣವಿದ್ದೆಡೆಗೆ ಸರಿಯುತ್ತದೆ. ಹಣವನ್ನೇ ಹೀನವೆಂದು ಬಗೆಯುವ ಆಟ ಉಳ್ಳವರ ಸೊತ್ತಾಗುತ್ತದೆ. ಇವೆರಡರ ನಡುವೆ, ದುಡಿಯುವವನ ಕಷ್ಟವನ್ನು ಒಪ್ಪಿಕೊಂಡು, ಅವನನ್ನು ಅವನ ಊರಿನಿಂದಲೂ ಕಸುಬಿನಿಂದಲೂ ಕೀಳದೆ ಆಡಿಸುವ ದಾರಿ ಅರೆವೃತ್ತಿಯದು. ಪಾಂಟಿಪೂಲಿನಲ್ಲಿ ಕುಲುಮೆ ಆರಿದೆ, ಗಣಿ ಮುಚ್ಚಿದೆ. ಫಾಕ್ನರ್ 2023ರಲ್ಲಿ ತೀರಿಕೊಂಡನು. ಅವನ ಗುರು ಪ್ರಾಸರ್ 2020ರಲ್ಲಿಯೇ ಹೋಗಿದ್ದನು. ಬಯಲು ಮಾತ್ರ ಉದ್ಯಾನದ ನಡುವೆ ಹಾಗೆಯೇ ಇದೆ. ಗುಹೆಗೆ ಹೋಗುವ ಏರುಹಾದಿಯೂ ಹಾಗೆಯೇ ಇದೆ. ಹಗಲಿನ ದುಡಿಮೆಯನ್ನು ಮುಗಿಸಿ ಆ ಹಾದಿಯನ್ನು ಹತ್ತುವ ಯುವಕರು ಇರುವತನಕ ಆ ಊರಿಗೆ ಬಡತನ ಬಂದರೂ ಎದೆಗಾರಿಕೆಯ ಬರ ಬಾರದು.